ಗುಡ್ಡದ ಕಲಮು

ಈ ಸಭೆಯಲ್ಲಿ ಮತ ಎಣಿಸುವುದಿಲ್ಲ. ಅಧ್ಯಕ್ಷೆ ಒಪ್ಪಂದದ ಒಂದೊಂದೇ ಕಲಮು ಓದುತ್ತಾಳೆ. ಯಾರೂ ತಕರಾರು ತೆಗೆಯದಿದ್ದರೆ ಮರದ ಸುತ್ತಿಗೆ ಕುಟ್ಟುತ್ತಾಳೆ. ಮುಗಿಯಿತು, ಎಲ್ಲ ದೇಶಗಳೂ ಒಪ್ಪಿದಂತೆ. ತಕರಾರಿದ್ದವರು ಮೇಜಿನ ಮೇಲಿನ ತಮ್ಮ ದೇಶದ ಫಲಕವನ್ನು ಎತ್ತಿ ನಿಲ್ಲಿಸಬೇಕು. ಇಷ್ಟು ಸುಡುಗಾಡು ಕೆಲಸಕ್ಕೆ ನಾನು ಕಾನೂನು ಓದಿ ಕಣ್ಣು ಕೆಡಿಸಿಕೊಂಡಿದ್ದೆ!

ಇಲಾಖೆಯಿಂದ ಫೋನ್ ಬಂತೆಂದು ನಮ್ಮ ಸಾಹೇಬರು ಎದ್ದರು. "ಆ ಸಮುದ್ರದಡಿ ಗುಡ್ಡದ ಕಲಮು ಬಂದ್ರೆ ಫಲಕ ಎತ್ತು. ಅಲ್ಲಿ ಮೀನು ಹಿಡಿಯೋದು ನಿಲ್ಲಿಸೋಕೆ ನಾವು ಒಪ್ಪಲ್ಲ. ಮಿಕ್ಕಿದ್ದು ನಾನು ಬಂದು ನೋಡ್ಕೋತೀನಿ."

ಹೋದವರು ಹೋದರು. ನನಗೋ ಮುಳ್ಳಿನ ಮೇಲೆ ಕೂತ ಹಾಗೆ. ಆ ಗುಡ್ಡ ನಡುಗಡಲಿನಲ್ಲಿದೆ, ಯಾವ ದೇಶದ್ದೂ ಅಲ್ಲ. ನಮ್ಮ ಮನೆಯ ಮಟ್ಟಿಗೆ ಮಾತ್ರ ಅದು ನಮ್ಮಣ್ಣನದು. ಅವನ ಹಡಗು ಬಲೆ ಎಳೆಯುವುದು ಅಲ್ಲೇ, ನಾನು ಓದಿದ್ದೂ ಆ ಮೀನಿನ ದುಡ್ಡಿನಲ್ಲೇ.

ಬೆಳಿಗ್ಗೆ ಫೋನಿನಲ್ಲಿ ಅವನು ನಗುನಗುತ್ತಾ ಹೇಳಿದ್ದ: "ಮೊನ್ನೆ ಬಲೆಗೆ ಹವಳದ ಮರ ಸಿಕ್ತು ಕಣೇ, ನನ್ನಷ್ಟೆತ್ತರ! ಬುಡಸಮೇತ ಬಂತು. ದರಿದ್ರದ್ದು, ಬಲೆ ಎಲ್ಲಾ ಹರಿದುಹಾಕ್ತು. ಕಡಿದು ಎಸೆದ್ವಿ."

"ಅದು ಬೆಳೆಯೋಕೆ ಸಾವಿರಾರು ವರ್ಷ ಬೇಕು ಕಣೋ."

"ಹೌದಾ? ಕಡಿಯೋಕೆ ಎರಡೇಟು ಸಾಕಾಯ್ತಪ್ಪ."

ಮೈಯೆಲ್ಲ ಉರಿದುಹೋಯಿತು. ಎಷ್ಟು ಉರಿದರೂ ಅವನು ನನ್ನ ಅಣ್ಣ, ಅದೇ ತಾಪತ್ರಯ.

ಅಧ್ಯಕ್ಷೆ ಪುಟ ತಿರುಗಿಸಿದಳು. ನಾನು ಬಾಗಿಲು ನೋಡಿದೆ, ಫಲಕ ಹಿಡಿದೆ, ಬಿಟ್ಟೆ, ಮತ್ತೆ ಹಿಡಿದೆ. ನನ್ನ ಕಾಲಿನ ಕುಣಿತ ತಾಳಲಾರದೆ ಪಕ್ಕದವನು ಕುರ್ಚಿಯನ್ನೇ ಸರಿಸಿಕೊಂಡ. ಗುಡ್ಡದ ಕಲಮು ಬಂದೇ ಬಂತು. "ಯಾರದಾದರೂ ಆಕ್ಷೇಪಣೆ?" ಎಂದಳು. ಯಾವ ಫಲಕವೂ ಏಳಲಿಲ್ಲ. ಅತ್ತಿಗೆಯ ಮುಖ, ಮಕ್ಕಳ ಮುಖ ಕಣ್ಣಮುಂದೆ ಬಂದವು. ಆದರೂ ಫಲಕದ ಮೇಲೆ ಎರಡೂ ಕೈ ಒತ್ತಿ ಕೂತುಬಿಟ್ಟೆ.

ಸುತ್ತಿಗೆ ಬಿತ್ತು.

ಸಾಹೇಬರು ಏದುಸಿರು ಬಿಡುತ್ತಾ ಬಂದರು. "ಏನಮ್ಮಾ ಮಾಡಿದೆ ನೀನು?"

"ಏನೂ ಮಾಡಲಿಲ್ಲ ಸಾರ್."

ನಿಜವನ್ನೇ ಹೇಳಿದ್ದೆ. ಕೆಲಸಕ್ಕೆ ಕುತ್ತು ಬಂದದ್ದೂ ಅಷ್ಟೇ ನಿಜ.

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಹೊರಗೆ ಬಂದು ಅಣ್ಣನಿಗೆ ನಾನೇ ಫೋನ್ ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಹುಟ್ಟಿದಾಗಿನಿಂದ ಒಂದು ಗಳಿಗೆ ಬಾಯಿ ಮುಚ್ಚಿದವಳಲ್ಲ ನೀನು," ಎಂದ. "ಇವತ್ತೇ ಮುಚ್ಚಬೇಕಿತ್ತೇನೇ?"