ತಾರೀಖಿಲ್ಲದ ದಿನ

ನನ್ನ ಗಂಡ ಕೊನ್ರಾಡನನ್ನು ಮಣ್ಣು ಮಾಡಿದ ಮೂರನೇ ಬೆಳಿಗ್ಗೆ, ಆರೂಕಾಲಿಗೆ, ಅವನ ಆಫೀಸಿನ ವ್ಯಾನ್ ಅಬ್ಬಾಸಿಯಾದ ನಮ್ಮ ಕಟ್ಟಡದ ಕೆಳಗೆ ಎಂದಿನಂತೆ ಹಾರ್ನ್ ಹೊಡೆಯಿತು. ಕ್ಯಾಂಟನೀಸ್ ಪಾಠದ ಪುಸ್ತಕ ಎತ್ತಿಕೊಂಡು ಇಳಿದೆ.

"ಅಯ್ಯೋ, ಮರ್ತೇ ಹೋಯ್ತು ಬಾಯಿ," ಡ್ರೈವರ್ ಸೈದು ತಲೆ ತಗ್ಗಿಸಿದ. "ಕೈಗೆ ಅಭ್ಯಾಸ."

"ಹೊಡೆದಾಯ್ತಲ್ಲ. ಬಾಗಿಲು ತೆಗೀರಿ."

ಪುಸ್ತಕ ಕೊನ್ರಾಡನ ಮ್ಯಾನೇಜರ್ ಲಾವ್‌ನದು. ಹಾಂಗ್‌ಕಾಂಗಿನವನು. ಭಾಷೆ ಕಲಿತರೆ ಅಲ್ಲಿಗೆ ವರ್ಗ ಮಾಡಿಸುತ್ತೇನೆಂದು ಮೂರು ವರ್ಷದ ಹಿಂದೆ ಅವನಿಗೆ ಕೊಟ್ಟಿದ್ದ. ಕೊನ್ರಾಡ್ ಕಲಿತ. ವರ್ಗ ಯಾವಾಗ ಎಂದು ಕೇಳಿದಾಗಲೆಲ್ಲ ಲಾವ್‌ನದು ಒಂದೇ ಉತ್ತರ: ದೈ ಯತ್. ಆ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ದಿನದ ಹೆಸರೇ ಕಾಲ ಹೇಳಬೇಕು. ಥಿಂಗ್ ಯತ್ ಎಂದರೆ ನಾಳೆ. ದೈ ಯತ್ ಎಂದರೆ ಮುಂದೆ ಯಾವತ್ತೋ ಒಂದು ದಿನ. ಅದರ ಪಕ್ಕದಲ್ಲಿ ಕೊನ್ರಾಡ್ ಪೆನ್ಸಿಲಿನಲ್ಲಿ 'ಜೂನ್?' ಎಂದು ಬರೆದಿದ್ದ. ಆಮೇಲೆ ಜೂನ್ ಹೊಡೆದುಹಾಕಿ 'ಡಿಸೆಂಬರ್'.

ಮೊನ್ನೆ ಸಮಾಧಿಯ ಬಳಿ ಲಾವ್ ನನ್ನ ಕೈ ಹಿಡಿದು, ಆಫೀಸಿನಲ್ಲಿ ಕೆಲಸ ಕೊಡುತ್ತೇನೆ ಎಂದಿದ್ದ. ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಗಂಡನ ಇಕಾಮಾಕ್ಕೆ ಅಂಟಿಕೊಂಡಿತ್ತು. ಕೆಲಸದ ಪತ್ರ ಸಿಗದಿದ್ದರೆ ತಿಂಗಳ ಕೊನೆಗೆ ಅವನನ್ನು ಇಲ್ಲಿನ ಮಣ್ಣಿನಲ್ಲಿ ಬಿಟ್ಟು ನಾನು ಊರಿಗೆ ಹೋಗಬೇಕು.

ಶರ್ಕ್ ಬಡಾವಣೆಯ ಆಫೀಸಿನಲ್ಲಿ ಕೊನ್ರಾಡನ ಕುರ್ಚಿಯ ಮೇಲೆ ಅವನ ಜೊತೆ ಕೆಲಸ ಮಾಡುತ್ತಿದ್ದ ಲೋಕನಾಥ ಕೂತಿದ್ದ.

"ಎಂತ ಶರ್ಲಿನ್ ಬಾಯಿ, ಮೂರೇ ದಿನಕ್ಕೆ ಹೊರಟ್ರಾ? ಜನ ಎಂತ ಹೇಳ್ಲಿಕ್ಕಿಲ್ಲ?"

"ಕುರ್ಚಿ ಹಿಡೀಲಿಕ್ಕೆ ನಿಮಗೆ ಎಷ್ಟು ದಿನ ಬೇಕಾಯ್ತು ಲೋಕನಾಥಣ್ಣ?"

ಅವನು ಫೈಲಿನೊಳಗೆ ಮುಖ ಹಾಕಿದ.

ಒಳಗೆ ತನ್ನ ಕೋಣೆಯಲ್ಲಿ ಲಾವ್ ಚಹಾ ತರಿಸಿದ. ನಾನು ಮುಟ್ಟಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ.

"ಕೆಲಸದ ಪತ್ರ," ಎಂದೆ.

"ಖಂಡಿತ. ಒಂದು ದಿನ ಕೂತು ಮಾತಾಡೋಣ."

"ಥಿಂಗ್ ಯತ್?"

ಅವನ ನಗು ನಿಂತಿತು. "ಕೊನ್ರಾಡ್ ಕಲಿಸಿದನೇ?"

"ನೀವು ಕಲಿಸಿದ್ದು. ನಾಳೆ ಆಗುತ್ತದೋ ಇಲ್ಲವೋ, ಒಂದು ಹೇಳಿ."

ಗೋಡೆಯಲ್ಲಿ ದೊಡ್ಡ ಕ್ಯಾಲೆಂಡರ್ ಇತ್ತು. ಅವನು ಅತ್ತ ನೋಡಲಿಲ್ಲ.

"ಈಗ ನಿಮ್ಮ ಮನಸ್ಸು ಸರಿಯಿಲ್ಲ. ಅರ್ಜಿ ಲೋಕನಾಥನಿಗೆ ಕೊಟ್ಟು ಹೋಗಿ."

ನಾನು ಚೀಲದಿಂದ ಪುಸ್ತಕ ತೆಗೆದು ಅವನ ಮುಂದಿಟ್ಟೆ. ಅವನು ಪುಟ ತಿರುವಿ ಹುಬ್ಬು ಗಂಟಿಕ್ಕಿದ.

"ಇದು ನನ್ನ ತಂದೆಯದು. ಕೊನ್ರಾಡ್ ಎಲ್ಲ ಕಡೆ ಗೀಚಿದ್ದಾನೆ." ಪುಸ್ತಕವನ್ನು ನನ್ನ ಕಡೆಗೆ ತಳ್ಳಿದ. "ಅಳಿಸಿ ಕೊಡಬಹುದಲ್ಲ?"

ಅವನ ಮೇಜಿನ ಮೇಲೇ ರಬ್ಬರ್ ಇತ್ತು. ಡಿಸೆಂಬರ್ ಇದ್ದ ಪುಟ ತೆರೆದು, ರಬ್ಬರ್ ಮುಟ್ಟದೆ, ಪುಸ್ತಕವನ್ನು ಅದರ ಪಕ್ಕದಲ್ಲಿಟ್ಟೆ.

"ದೈ ಯತ್," ಎಂದೆ.