ಬಿಳಿ ಸಂಜೆಮಲ್ಲಿಗೆ

ಆ ಬೆಳಿಗ್ಗೆ ಭದ್ರಾವತಿಯಲ್ಲಿ ಬಿಸಿಲು ಮೂಡಲೇ ಇಲ್ಲ. ಮೋಡ ತಗ್ಗಿ ನಿಂತಿತ್ತು; ಗಾಳಿ ಬೀಸುವುದು, ನಿಲ್ಲುವುದು, ಒಂದು ನೆಲೆಯಿಲ್ಲ. ವಿಶಾಲಮ್ಮ ಶಿವಮೊಗ್ಗದಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನೆದೇವರನ್ನು ನೆನೆಯುತ್ತ ಬಂದು, ಕಾಗದನಗರದಲ್ಲಿ ಬೀಗಿತ್ತಿ ನಂಜಮ್ಮನ ಮನೆ ಮುಂದೆ ಚಪ್ಪಲಿ ಬಿಟ್ಟರು.

ಮಾರನೆಯ ದಿನ ಐದು ತಿಂಗಳ ಮೊಮ್ಮಗನ ನಾಮಕರಣ, ಶಿವಮೊಗ್ಗದ ವಿನೋಬನಗರದಲ್ಲಿ, ವಿಶಾಲಮ್ಮನ ಮನೆಯಲ್ಲಿ. ಕೂಸಿನ ಸೊಂಟಕ್ಕೆ ಬೆಳ್ಳಿ ಉಡಿದಾರವನ್ನು ತಂದೆಯ ತಾಯಿ ಕಟ್ಟಬೇಕು. ನಂಜಮ್ಮ ಹೋದ ವಾರ ಅದನ್ನು ತಂದೂ ಇದ್ದರು. ಕೂಸು ಕಣ್ಣು ಬಿಟ್ಟು ನೋಡಿತು. ಹುಟ್ಟಿದಾಗ ಮಸುಕಾಗಿದ್ದ ಬಣ್ಣ ಈಗ ತಿಳಿಯಾಗಿತ್ತು: ಬೆಕ್ಕಿನ ಕಣ್ಣು! ಉಡಿದಾರ ಬ್ಯಾಗಿಗೆ ವಾಪಸಾಯಿತು. "ಪಾಲಿಶ್ ಹಾಕಿಸ್ಕೊಂಡು ಬರ್ತೀನಿ" ಎಂದವರು ಆಮೇಲೆ ಫೋನೇ ಎತ್ತಲಿಲ್ಲ. ನೆಂಟರ ಮುಂದೆ ಕೂಸಿನ ಸೊಂಟ ಬರಿದಾಗಿ ಕಂಡರೆ, ಮಗಳು ರಕ್ಷಾಳ ಮೇಲೆ ಮಾತು ಹುಟ್ಟುವುದು ಖಂಡಿತ.

"ನಮ್ಮ ಸೋದರತ್ತೆಗೂ ಅದೇ ಕಣ್ಣಿತ್ತು, ನಂಜಮ್ಮನೋರೆ," ಎಂದರು ವಿಶಾಲಮ್ಮ.

"ಹಂಗಾದ್ರೆ ನಿಮ್ಮ ಕಡೇದು ಅನ್ನಿ."

"ಒಂದೇ ಕಡೇದು ಸಾಲಲ್ವಂತೆ. ಎರಡೂ ಕಡೆ ಒಳಗೆ ಅಡಗಿದ್ರೇನೇ ಕೂಸಲ್ಲಿ ಕಾಣೋದಂತೆ. ರಕ್ಷಾ ಓದಿ ಹೇಳಿದ್ಲು."

"ನಮ್ಮಲ್ಲೆಲ್ಲಾ ಕರೀ ಕಣ್ಣೇ. ನಮ್ಮ ನಿಶಾಂತನ್ನ ನೋಡಿಲ್ವಾ? ಹೆತ್ತೋಳು ನಾನು!"

ವಿಶಾಲಮ್ಮನಿಗೆ ಕೂರಲಾಗಲಿಲ್ಲ. ಕಾಫಿಯನ್ನು ಬಿಟ್ಟು ಅಂಗಳಕ್ಕೆ ಎದ್ದು ಬಂದರು. ಮೋಡಕ್ಕೆ ನಿನ್ನೆಯ ಸಂಜೆಮಲ್ಲಿಗೆ ಇನ್ನೂ ಮುದುಡಿರಲಿಲ್ಲ. ಸಾಲೆಲ್ಲ ಗುಲಾಬಿ ಬಣ್ಣ. ನಡುವೆ ಒಂದು ಗಿಡ ಮಾತ್ರ ಅಚ್ಚ ಬಿಳಿ. ಏನಾದರೂ ಆಡಬೇಕಲ್ಲ ಎಂದು, ಹಿಂದೆಯೇ ಬಂದ ನಂಜಮ್ಮನನ್ನು ಕೇಳಿದರು: "ಈ ಬಿಳೀದು ಎಲ್ಲಿಂದ ತಂದ್ರಿ?"

"ತರೋದೇನು ಮಾರಾಯ್ತಿ! ಈ ಗುಲಾಬಿ ಬಣ್ಣದ್ದರ ಬೀಜಾನೇ. ನಮ್ಮಮ್ಮನ ಹಿತ್ತಲಲ್ಲಿ ಕೆಂಪು, ಬಿಳಿ ಅಕ್ಕಪಕ್ಕ ಇದ್ವು. ಬೆರೆತು ಗುಲಾಬಿ ಆಯ್ತು. ಬಿಳಿ ಹೋಯ್ತು ಅಂದ್ಕೊಂಡಿದ್ದೆ. ಎಲ್ಲಿಗೆ ಹೋಗತ್ತೆ? ಒಳಗೇ ಇತ್ತು, ಈಗ..."

ನಂಜಮ್ಮ ಬಾಡಿದ ಹೂವೊಂದನ್ನು ಕಿತ್ತು ಬೆರಳಲ್ಲಿ ಹೊಸಕುತ್ತ ನಿಂತರು.

"ನಮ್ಮಮ್ಮಂಗೂ ಬೆಕ್ಕಿನ ಕಣ್ಣೇ," ಎಂದರು ಕೊನೆಗೆ. "ಊರೆಲ್ಲ ಆಡ್ಕೊಳ್ಳೋರು. ಗಂಡನ ಮನೇಲಿ ಬಾಯಿ ಬಿಡಬೇಡ ಅಂದು ಕಳಿಸಿದ್ಲು. ನಾನೂ ಬಿಡಲಿಲ್ಲ."

ಒಳಗೆ ಹೋಗಿ, ದೇವರ ಮುಂದಿದ್ದ ಉಡಿದಾರ ತಂದರು. ಅದಿನ್ನೂ ಕಪ್ಪಾಗಿಯೇ ಇತ್ತು.

"ಇವತ್ತೇ ರಕ್ಷಾಗೆ ಕೊಡಿ, ರಾತ್ರಿ ನೆಮ್ಮದಿಯಾಗಿ ಮಲಗ್ಲಿ. ನಾಳೆ ಅವಳ ಕೈಯಿಂದ ಇಸ್ಕೊಂಡು ಕಟ್ತೀನಿ."

ವಿಶಾಲಮ್ಮ ಸೆರಗೊಡ್ಡಿದರು. ನಂಜಮ್ಮ ಅದರೊಳಗೆ ಉಡಿದಾರವನ್ನು ಸದ್ದಾಗದಂತೆ ಇಳಿಸಿದರು.