ಎಳನೀರು ಕುಡಿದ ಕಾರು

ತೋಂಟದಾರ್ಯನವರ ಕಾರು ಹಾಲಸ್ವಾಮಿಯ ರಿಪೇರಿ ಶೆಡ್ಡಿಗೆ ಎರಡನೇ ಸಲ ಬಂತು. ಬಂತು ಅನ್ನುವುದು ತಪ್ಪು. ಕೊಬ್ಬರಿ ಮಂಡಿಯ ನಾಲ್ಕು ಹಮಾಲರು ತಳ್ಳಿಕೊಂಡು ಬಂದರು. ಯಜಮಾನರು ಹಿಂದಿನ ಸೀಟಿನಲ್ಲಿ ಕೂತೇ ಇದ್ದರು. ಇಳಿದರೆ ತಳ್ಳುವವರಿಗೆ ಹಗುರಾದೀತು ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಅವರು ಇಳಿಯುವ ಪೈಕಿ ಅಲ್ಲ. ಆ ಎಪ್ಪತ್ತೆಂಟನೇ ಇಸವಿಯಲ್ಲಿ ತಿಪಟೂರಿನ ಕೊಬ್ಬರಿ ವರ್ತಕರಲ್ಲಿ ಕಾರಿದ್ದವರು ಮೂರೋ ನಾಲ್ಕೋ ಜನ. ಮನೆಯಿಂದ ಮಂಡಿಗೆ ಎರಡು ಫರ್ಲಾಂಗು. ಅಷ್ಟಕ್ಕೂ ಇವರಿಗೆ ಕಾರೇ ಬೇಕು.

"ಏನ್ಲಾ ಹಾಲಸ್ವಾಮಿ, ಹೋದ್ ತಿಂಗ್ಳು ಎಂಜಿನ್ ಬಿಚ್ಚಿ ಏನ್ ಕಿಸ್ದೆ? ಹಾಲ್ಕುರಿಕೆ ದಾರೀಲಿ ಕೊತಕೊತ ಕುದೀತು. ಬೀಗರ ಮುಂದೆ ಮಾನ ಹೋಯ್ತು ಕಣಪ್ಪ."

"ನೋಡ್ತೀನಿ ಯಜಮಾನ್ರೇ."

"ನೋಡಾದಲ್ಲ. ಇವತ್ತು ಸರಿಯಾಗ್ಲಿಲ್ಲ ಅಂದ್ರೆ ಮಂಡಿ ಲಾರಿಗಳೆಲ್ಲ ನಾಳೆಯಿಂದ ರಿಪೇರಿಗೆ ಅರಸೀಕೆರೆಗೆ ಹೋಯ್ತವೆ. ಹೇಳಿವ್ನಿ."

ಬರೀ ಬೆದರಿಕೆಯಲ್ಲ. ಮಂಡಿಯಲ್ಲಿ ಅವರ ಮಾತೇ ಮಾತು. ಲಾರಿಗಳು ಹೋದರೆ ಹಾಲಸ್ವಾಮಿ ಶೆಡ್ಡಿಗೆ ಬೀಗ ಹಾಕಬೇಕಾಗುತ್ತಿತ್ತು.

ಆದರೆ ಅವನ ದಿಗಿಲು ಬೇರೆ. ಪೆಟ್ರೋಲನ್ನೂ ಗಾಳಿಯನ್ನೂ ಎಂಜಿನ್ನಿಗೆ ಹಂಚುವ ಎರಕದ ಕೊಳವೆ, ಮ್ಯಾನಿಫೋಲ್ಡು, ಅದರ ಕೂಡಿಕೆಯಲ್ಲಿ ಗಾಳಿ ಸೋರದಂತೆ ಕೂರಿಸುವ ಪ್ಯಾಕಿಂಗನ್ನು ಹೋದ ತಿಂಗಳು ಬದಲಾಯಿಸಿದವನು ಅವನೇ. ಪ್ಯಾಕಿಂಗ್ ಹಾಕಿದ ಮೇಲೆ ಎಂಜಿನ್ ಬಿಸಿ ಮಾಡಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು. ಬಿಗಿದಿದ್ದನೇ? ಆವತ್ತು ಯಜಮಾನರು ಮದುವೆಗೆ ಹೊತ್ತಾಯಿತೆಂದು ಹಾರನ್ ಒತ್ತುತ್ತಲೇ ಇದ್ದರು. ಮುಂದಿನ ನಟ್ಟುಗಳ ನೆನಪಿತ್ತು. ಹಿಂಬದಿಯದು, ಕಣ್ಣಿಗೆ ಕಾಣದೆ ಕೈಗಷ್ಟೇ ಸಿಗುವಂಥದ್ದು, ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ.

ನೀರು ತುಂಬಿ ಎಂಜಿನ್ ಚಾಲೂ ಮಾಡಿದ. ಜ್ವರ ಬಂದವರ ಹಾಗೆ ನಡುಗಿತು. ಎಲ್ಲೋ ಸುಯ್ ಎಂದು ಗಾಳಿ ಎಳೆಯುವ ಸದ್ದು. ಸೋರುವ ಜಾಗ ಹಿಡಿಯಲು ಕೊಳವೆಯ ಕೂಡಿಕೆಯ ಉದ್ದಕ್ಕೂ ಕೊಬ್ಬರಿ ಎಣ್ಣೆ ಹನಿಸಿದ. ಮುಂದೆಲ್ಲ ಎಣ್ಣೆ ಹಾಗೇ ನಿಂತಿತು. ಹಿಂಬದಿಯಲ್ಲಿ ಮಾತ್ರ ಒಳಗೆ ಹೀರಿಕೊಂಡಿತು, ನಡುಕ ಒಂದು ಗಳಿಗೆ ನಿಂತಿತು. ಎಂಜಿನ್ ಆರಿಸಿ ಕೈ ತೂರಿಸಿದ. ನಟ್ಟು ಬರಿಬೆರಳಿಗೇ ತಿರುಗಿತು.

ಥಟ್ಟನೆ ಕೈ ಹೊರಗೆಳೆದು ಸುತ್ತ ನೋಡಿದ. ಯಾರೂ ನೋಡಿರಲಿಲ್ಲ.

"ಏನಾಗೈತ್ಲಾ?" ಹಮಾಲರು ತಂದಿಟ್ಟ ಕುರ್ಚಿಯಿಂದಲೇ ಯಜಮಾನರು ಕೇಳಿದರು.

"ಇನ್ನೂ ನೋಡ್ಬೇಕು."

ಗಾಳಿ ಸೋರಿದರೆ ಎಂಜಿನ್ ಕಾಯುತ್ತದೆ ನಿಜ. ಆದರೆ ಈ ಪರಿ ಕುದಿಯುತ್ತದೆಯೇ? ತನ್ನ ತಪ್ಪನ್ನು ಸಣ್ಣದು ಮಾಡಲು ತಾನೇ ನೆಪ ಹುಡುಕುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ರೇಡಿಯೇಟರಿನ ತಳದ ನಲ್ಲಿ ತಿರುಗಿಸಿದ. ನೀರು ಬರಲಿಲ್ಲ. ತಂತಿ ತುರುಕಿ ಆಡಿಸಿದ. ಆಗ ಅಂಬಲಿಯಂಥ ಕಂದು ಲೋಳೆ ಜಾರಿ ಡಬ್ಬಕ್ಕೆ ಬಿತ್ತು. ಹುಳಿ ನಾತ ಶೆಡ್ಡಿನ ತುಂಬ ಅಡರಿತು.

"ಇದು ಕಾರೋ ಹೆಂಡದಂಗ್ಡೀನೋ?" ಎಂದ ಒಬ್ಬ ಹಮಾಲ ಮೂಗು ಮುಚ್ಚಿಕೊಂಡು.

ಹಾಲಸ್ವಾಮಿ ಲೋಳೆಯೊಳಗಿಂದ ಬೆಳ್ಳನೆಯ ಎಳೆಯೊಂದನ್ನು ಎತ್ತಿ ನೋಡಿದ. ಎಳನೀರಿನ ಗಂಜಿ. ಡ್ರೈವರ್ ಕೆಂಪಯ್ಯನ ಕಡೆ ತಿರುಗಿದ. "ಕೆಂಪಯ್ಯಣ್ಣ, ಇದ್ರೊಳಗೆ ಏನ್ ಹುಯ್ದೆ?"

ಕೆಂಪಯ್ಯ ಯಜಮಾನರ ಮುಖ ನೋಡಿದ.

"ಹೇಳ್ಲಾ, ಅದ್ಕೇನ್ ನಾಚ್ಕೆ?" ಎಂದು ಯಜಮಾನರೇ ಎದೆಯುಬ್ಬಿಸಿದರು. "ಎಳ್ನೀರು ಹುಯ್ಸಿವ್ನಿ. ನಮ್ ತ್ವಾಟದ್ದೇ. ನಮ್ಮನೇಗೆ ಬಂದೋರ್ಗೆ ಬರೀ ನೀರ್ ಕೊಟ್ಟಿದ್ದುಂಟಾ? ಕಾರಿಗೆ ಕಟ್ಟೆ ನೀರ್ ಹುಯ್ಯನಾ? ಡಾಕ್ಟ್ರು ಅದ್ನ ನರಕ್ಕೇ ಏರಿಸ್ತಾರಂತೆ, ಈ ತಗ್ಡು ಯಾವ ಲೆಕ್ಕ!"

"ಎಷ್ಟ್ ಸಲ?"

"ಮೂರ್ ಸಲ," ಎಂದ ಕೆಂಪಯ್ಯ. "ಒಂದೊಂದ್ ಸಲಕ್ಕೂ ಹದ್ನೆಂಟು ಕಾಯಿ. ಗಂಜಿ ಬೀಳ್ದಂಗೆ ಪಂಚೇಲಿ ಸೋಸು ಅಂದ್ರು. ಪಂಚೆ ನಂದು."

ಹಮಾಲರು ಗೊಳ್ಳೆಂದರು. ಹಾಲಸ್ವಾಮಿಗೆ ನಗು ಬರಲಿಲ್ಲ. ಯಜಮಾನರು ಮಂಡಿಯಲ್ಲಿ ಒಂದು ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಅಲುಗಿಸಿ ಒಳಗೆ ಒಂದು ಹನಿ ನೀರಿದೆ, ಬೇಡ ಎಂದು ರೈತನ ಮುಖಕ್ಕೆ ಎಸೆಯುವ ಮನುಷ್ಯ. ತನ್ನ ಕಾರಿನ ಹೊಟ್ಟೆಯಲ್ಲಿ ಅಷ್ಟು ಎಳನೀರು ಹುಳಿತು ಕೊಳೆಯುತ್ತಿದ್ದರೂ ಅವರ ಮೂಗಿಗೆ ತಿಳಿದಿರಲಿಲ್ಲ. ತಿಳಿಸುವ ಧೈರ್ಯ ಯಾರಿಗಿತ್ತು?

ಸೋಡಾಪುಡಿ ಕದಡಿದ ಬಿಸಿನೀರನ್ನು ಕೆಳಗಿನಿಂದ ಮೇಲಕ್ಕೆ, ತಿಳಿ ಬರುವ ತನಕ ರೇಡಿಯೇಟರಿಗೆ ಹಾಯಿಸಿದ. ಮ್ಯಾನಿಫೋಲ್ಡು ಇಳಿಸಿ, ಹಳೆಯ ಪ್ಯಾಕಿಂಗ್ ಹೆರೆದು, ಹೊಸದನ್ನು ಕತ್ತರಿಸಿ ಕೂರಿಸಿದ. ನಡುವಿನಿಂದ ಅಂಚಿಗೆ ನಟ್ಟು ಬಿಗಿದ. ಎಂಜಿನ್ ಬಿಸಿ ಮಾಡಿ ಇನ್ನೊಮ್ಮೆ ಬಿಗಿದ. ಹಿಂಬದಿಯದನ್ನು ಮೂರು ಸಲ ಮುಟ್ಟಿ ನೋಡಿದ. ಒಂದು ಗಂಟೆ ಓಡಿದರೂ ಕಾರು ಕುದಿಯಲಿಲ್ಲ, ನಡುಗಲಿಲ್ಲ.

ಈಗ ಸುಮ್ಮನಿದ್ದರೆ ಆಗಿತ್ತು. ಎಲ್ಲರ ಕಣ್ಣೂ ಎಳನೀರಿನ ಮೇಲಿತ್ತು.

"ಯಜಮಾನ್ರೇ, ಕುದ್ದಿದ್ದು ನಿಮ್ ಎಳ್ನೀರಿಂದ. ನಡುಗ್ತಿದ್ದಿದ್ದು ನನ್ನಿಂದ. ಒಂದ್ ನಟ್ಟು ಎರಡನೇ ಸಲ ಬಿಗೀದೆ ಬಿಟ್ಟಿದ್ದೆ."

ಎಳನೀರಿನ ಮಾತಿಗೆ ಬಾಡಿದ್ದ ಯಜಮಾನರ ಮುಖ ನಟ್ಟಿನ ಮಾತಿಗೆ ಅರಳಿತು. "ಕೇಳಿದ್ರೇನ್ರಲಾ! ಅವನ ಬಾಯಲ್ಲೇ ಬಂತು! ನಮ್ ಎಳ್ನೀರಿಗೆ ಹೆಸರಿಡಾಕೆ ಬಂದಿದ್ದ." ಹೆಗಲ ವಲ್ಲಿ ಸರಿಪಡಿಸಿಕೊಂಡು ದೊಡ್ಡ ಮನಸ್ಸು ಮಾಡಿದರು. "ಹೋಗ್ಲಿ ಬುಡು. ಅರಸೀಕೆರೆಯೋನು ಯಾವ ತಪ್ಪೂ ಒಪ್ಪಲ್ಲ. ತಪ್ಪು ಹೊರಾಕೆ ನೀನೇ ಸರಿ. ಲಾರಿಗಳು ಇಲ್ಲೇ ಬರ್ಲಿ."

ಶೆಡ್ಡು ಉಳಿಯಿತು. ಉಳಿದ ಬಗೆ ನೋಡಿ ಹಾಲಸ್ವಾಮಿಯ ಮೈ ಉರಿಯಿತು. ಲೋಳೆಯ ಡಬ್ಬವನ್ನು ಎತ್ತಿಕೊಂಡು ಹೋಗಿ ಹಿಂದಿನ ಸೀಟಿನ ಮೇಲೆ, ಯಜಮಾನರು ಕೂರುವ ಜಾಗದ ಪಕ್ಕದಲ್ಲೇ ಇಟ್ಟ.

"ನನ್ ಪಾಲಿನ ತಪ್ಪು ನಾನ್ ಹೊರ್ತೀನಿ. ಇದು ನಿಮ್ ಪಾಲು. ಮಂಡೀಲಿ ನಟ್ಟಿನ ಕತೆ ಹೇಳ್ವಾಗ ಇದ್ನೂ ತೋರ್ಸಿ."

"ಏಯ್, ನಾತ ಕಣ್ಲಾ! ತೆಗೀಲಾ ಕೆಂಪಯ್ಯ!"

ಕೆಂಪಯ್ಯ ಮುಂದಿನ ಗಾಜು ಒರೆಸುವುದರಲ್ಲಿ ಮುಳುಗಿದ್ದ. ಅವನಿಗೆ ಏನೂ ಕೇಳಿಸಲಿಲ್ಲ.